ಸಗಾನ್ ಬದುಕನ್ನು ಕೆಡಿಸಿದ್ದು ಆ ಕಾದಂಬರಿಯೇ?

ಪ್ರಶ್ನೆ: ನನ್ನ ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಹೋದ ಬೇಸಿಗೆ ರಜೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಸಣ್ಣ ಕಾದಂಬರಿ ಬರೆದಿದ್ದಾಳೆ. ಒಬ್ಬ ಪ್ರಕಾಶಕರು ಓದಿ, ಅಚ್ಚು ಹಾಕುತ್ತೇವೆ ಎಂದಿದ್ದಾರೆ. ‘ನಮಗೊಬ್ಬ ಸಗಾನ್ ಸಿಕ್ಕಳು’ ಎಂದು ಹೊಗಳಿದರಂತೆ. ಕಾಲೇಜು ಹುಡುಗಿಯೊಬ್ಬಳ ಪ್ರೇಮ, ಅವಳ ಅಪ್ಪನ ಇನ್ನೊಂದು ಸಂಬಂಧ, ಇವೆಲ್ಲ ಕಥೆಯಲ್ಲಿವೆಯಂತೆ. ನಾನಿನ್ನೂ ಓದಿಲ್ಲ. ಅವಳು ಕೊಟ್ಟಿಲ್ಲ, ನಾನೂ ಕೇಳಿಲ್ಲ. ನಮ್ಮ ಭಾವನವರು ಆ ಸಗಾನ್ ಯಾರು ಎಂದು ಮೊಬೈಲಿನಲ್ಲಿ ಹುಡುಕಿ ನೋಡಿ ಮನೆಯಲ್ಲಿ ರಂಪ ಮಾಡಿದ್ದಾರೆ. ‘ಹದಿನೆಂಟಕ್ಕೆ ಅಸಹ್ಯ ಬರೆದು ಹೆಸರು ಮಾಡಿದಳು, ಆಮೇಲೆ ಕುಡಿತ, ಜೂಜು, ಡ್ರಗ್ಸು, ಸಾಲ. ಕಡೆಗೆ ದಿಕ್ಕಿಲ್ಲದೆ ಸತ್ತಳು. ನಿಮ್ಮ ಮಗಳಿಗೂ ಅದೇ ಗತಿ ಬೇಕಾ?’ ಎನ್ನುತ್ತಾರೆ. ಜನ ಇದನ್ನು ನಮ್ಮ ಮನೆಯ ಕಥೆ ಅಂತಲೇ ಓದುತ್ತಾರೆ, ನಾಳೆ ಮದುವೆಗೆ ತೊಂದರೆಯಾಗುತ್ತದೆ ಎಂಬ ಹೆದರಿಕೆ ನಮ್ಮ ಯಜಮಾನರಿಗೂ ಇದೆ. ತಡೆಯಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ಆ ಹೆಂಗಸಿನ ಕಥೆ ನಿಜಕ್ಕೂ ಹಾಗೆಯೇ? ನಾವೇನು ಮಾಡಬೇಕು?
– ಓದುಗರು, ಧಾರವಾಡ

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಫ್ರೆಂಚ್ ಲೇಖಕಿ ಫ್ರಾನ್ಸ್ವಾಝ್ ಸಗಾನ್ ಬದುಕು ಹಾಳಾದದ್ದು ಮೊದಲ ಕಾದಂಬರಿಯ ಗುಲ್ಲಿನಿಂದಲೇ ಎಂಬುದೊಂದು, ಹಾಗಿದ್ದರೆ ಮಗಳನ್ನು ತಡೆಯಬೇಕೇ ಎಂಬುದು ಇನ್ನೊಂದು. ನಾನು ಫ್ರೆಂಚ್ ಸಾಹಿತ್ಯ ಪಾಠ ಮಾಡಿಕೊಂಡು, ಪ್ರಕಾಶಕರಿಗಾಗಿ ಹೊಸಬರ ಹಸ್ತಪ್ರತಿ ಓದಿಕೊಂಡು ಬಂದವಳು. ಎರಡಕ್ಕೂ ನನ್ನ ಕೈಲಾದ ಉತ್ತರ ಕೊಡುತ್ತೇನೆ. ಭಾವನವರು ಹೇಳಿದ ಸಂಗತಿಗಳಲ್ಲಿ ಹೆಚ್ಚಿನವು ನಡೆದದ್ದೇ. ಜೂಜು ನಿಜ, ಮಾದಕ ವಸ್ತು ನಿಜ, ಸಾಲವೂ ನಿಜ. ಆದರೆ ಪುಸ್ತಕ ಬರೆದದ್ದಕ್ಕೇ ಇದೆಲ್ಲ ಆಯಿತು ಎಂದು ಅವರು ಹಾಕಿರುವ ಗಂಟು ಸರಿಯಿಲ್ಲ. ಅದನ್ನು ಬಿಚ್ಚಿ ನೋಡಿದರೆ ನೀವು ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ.

ಸಗಾನ್ ಹುಟ್ಟಿದ್ದು 1935ರ ಜೂನ್ 21ರಂದು, ಫ್ರಾನ್ಸಿನ ನೈಋತ್ಯ ಭಾಗದ ಕಜಾರ್ಕ್ ಎಂಬ ಸಣ್ಣ ಊರಿನಲ್ಲಿ. ಮನೆತನದ ಹೆಸರು ಕ್ವಾರೆ. ಅಪ್ಪ ಉದ್ಯಮಿ, ಕೈತುಂಬ ದುಡ್ಡಿದ್ದ ಮನೆ, ಈಕೆ ಕಿರಿಯವರು, ಮುದ್ದಿನ ಮಗಳು. ಶಾಲೆಗೂ ಅವರಿಗೂ ಆಗಿಬರಲಿಲ್ಲ. ಕ್ರೈಸ್ತ ಸನ್ಯಾಸಿನಿಯರ ಶಾಲೆಯೊಂದು ಭಕ್ತಿ ಸಾಲದು ಎಂದು ಹೊರಗೆ ಹಾಕಿತು. ಇನ್ನೊಂದು ಶಾಲೆಯಲ್ಲಿ ನಾಟಕಕಾರ ಮೊಲಿಯೇರ್ ಅವರ ಪುತ್ಥಳಿಯ ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದ್ದಕ್ಕೆ ಹೊರಬಿದ್ದರು. ಪಿಯುಸಿಗೆ ಸಮನಾದ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ಸೊರ್ಬಾನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ 1953ರಲ್ಲಿ ಮೊದಲ ವರ್ಷವೇ ಫೇಲಾದರು. ಆ ಬೇಸಿಗೆಯಲ್ಲೇ, ಕೆಲವೇ ವಾರಗಳಲ್ಲಿ, ‘ನಮಸ್ಕಾರ, ದುಃಖವೇ’ ಎಂಬರ್ಥದ ಮೊದಲ ಕಾದಂಬರಿ ‘ಬೊಂಜೂರ್ ತ್ರಿಸ್ತೆಸ್’ ಬರೆದು ಮುಗಿಸಿದರು. ಶೀರ್ಷಿಕೆ ಪೋಲ್ ಎಲುಆರ್ ಎಂಬ ಕವಿಯ ಸಾಲಿನಿಂದ ತೆಗೆದುಕೊಂಡದ್ದು.

1954ರ ಜನವರಿಯಲ್ಲಿ ಟೈಪು ಮಾಡಿದ ಪ್ರತಿ ಪ್ರಕಾಶಕರ ಕೈಸೇರಿತು. ರನೆ ಜೂಲಿಯಾರ್ ಎಂಬ ಪ್ರಕಾಶಕರು ಒಂದೇ ರಾತ್ರಿಯಲ್ಲಿ ಓದಿ ಹುಡುಗಿಯನ್ನು ಕರೆಸಿಕೊಂಡರು. ಆಗ ಫ್ರಾನ್ಸಿನಲ್ಲಿ ವಯಸ್ಕರೆನಿಸಿಕೊಳ್ಳಲು ಇಪ್ಪತ್ತೊಂದು ತುಂಬಬೇಕಿತ್ತು. ಹಾಗಾಗಿ ಹದಿನೆಂಟರ ಈ ಹುಡುಗಿಯ ಕರಾರಿಗೆ ತಂದೆತಾಯಿಯ ಒಪ್ಪಿಗೆ ಬೇಕಾಯಿತು. ಅವರು ತಡೆಯಲಿಲ್ಲ. ಮನೆಯ ಹೆಸರು ಮಾತ್ರ ಹಾಕಬೇಡ ಎಂದರು. ಮಾರ್ಸೆಲ್ ಪ್ರೂಸ್ತ್ ಅವರ ಕಾದಂಬರಿಯಲ್ಲಿ ಬರುವ ‘ಸಗಾನ್’ ಎಂಬ ರಾಜಮನೆತನದ ಹೆಸರನ್ನು ಹುಡುಗಿ ಆರಿಸಿಕೊಂಡರು. ಮಾರ್ಚಿನಲ್ಲಿ ಪುಸ್ತಕ ಬಂತು. ನಿಮ್ಮ ಮನೆಯಲ್ಲಿ ಈಗ ನಡೆದಿರುವ ಮಾತುಕತೆ ಆ ಮನೆಯಲ್ಲೂ ನಡೆದಿತ್ತು ಎಂಬುದನ್ನು ಗಮನಿಸಿ.

ಈಗ ‘ಅಸಹ್ಯ’ ಎಂಬ ಮಾತು. ಭಾವನವರು ಪುಸ್ತಕ ಓದಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಕಥೆ ಹೇಳುವ ಸೆಸಿಲ್ ಹದಿನೇಳರ ಹುಡುಗಿ, ತಾಯಿ ಇಲ್ಲ. ನಲವತ್ತರ ಅಪ್ಪ ರೇಮೋಂ ಮೋಜುಗಾರ, ಹೆಂಗಸರನ್ನು ಬದಲಿಸುತ್ತಲೇ ಇರುವವನು. ಅಪ್ಪ, ಮಗಳು, ಅಪ್ಪನ ಸದ್ಯದ ಗೆಳತಿ ಎಲ್ಸಾ, ಮೂವರೂ ಬೇಸಿಗೆ ಕಳೆಯಲು ಸಮುದ್ರದ ಪಕ್ಕದ ಮನೆಗೆ ಹೋಗುತ್ತಾರೆ. ಅಲ್ಲಿಗೆ ಸತ್ತ ತಾಯಿಯ ಸ್ನೇಹಿತೆ ಆನ್ ಬರುತ್ತಾಳೆ. ಶಿಸ್ತಿನ, ಘನತೆಯ ಹೆಂಗಸು. ಅಪ್ಪ ಅವಳನ್ನು ಮದುವೆಯಾಗಲು ಹೊರಟಾಗ ತನ್ನ ಸ್ವಚ್ಛಂದ ಮುಗಿಯಿತು ಎಂದು ಹೆದರಿದ ಸೆಸಿಲ್, ತನ್ನ ಪ್ರಿಯಕರ ಸಿರಿಲ್‌ನನ್ನೂ ಎಲ್ಸಾಳನ್ನೂ ದಾಳ ಮಾಡಿಕೊಂಡು ಒಂದು ಹೂಟ ಹೂಡುತ್ತಾಳೆ. ಹೂಟ ಫಲಿಸುತ್ತದೆ. ಆನ್ ಮನೆಬಿಟ್ಟು ಹೊರಟು ಕಾರು ಅಪಘಾತದಲ್ಲಿ ಸಾಯುತ್ತಾಳೆ. ಅದು ಅಪಘಾತವೋ ಆತ್ಮಹತ್ಯೆಯೋ ಯಾರಿಗೂ ಖಚಿತವಿಲ್ಲ. ಹುಡುಗಿಗೆ ತಾನೇನು ಮಾಡಿದೆ ಎಂಬ ಅರಿವು ಉಳಿಯುತ್ತದೆ. ಬೇಕೆಂದೇ ರಂಜಿಸುವ ವರ್ಣನೆ ಇಡೀ ಪುಸ್ತಕದಲ್ಲಿಲ್ಲ. ವಾಕ್ಯಗಳು ಚಿಕ್ಕವು, ಅಳತೆ ತಪ್ಪದವು. ಹದಿನೆಂಟಕ್ಕೆ ಅಂಥ ಹಿಡಿತ ಬರುವುದು ಅಪರೂಪ ಎಂದು ನಾನು ಪ್ರತಿ ಸಲ ಓದಿದಾಗಲೂ ಅನ್ನಿಸಿದೆ.

ಹಾಗಾದರೆ ಅಷ್ಟು ಗುಲ್ಲು ಏಕೆ? ಸೆಸಿಲ್ ಮದುವೆಯಿಲ್ಲದೆ ಒಬ್ಬ ಹುಡುಗನ ಜೊತೆ ಮಲಗುತ್ತಾಳೆ. ಬಸುರಾಗುವುದಿಲ್ಲ, ಮದುವೆಗೆ ಗೋಗರೆಯುವುದಿಲ್ಲ, ಮೈಗೆ ಸಂಬಂಧಿಸಿದ ಯಾವ ಶಿಕ್ಷೆಯೂ ಅವಳಿಗೆ ಆಗುವುದಿಲ್ಲ. ಜನರನ್ನು ಕೆರಳಿಸಿದ್ದು ಈ ಶಿಕ್ಷೆಯಿಲ್ಲದಿರುವಿಕೆಯೇ ಎಂದು ಸಗಾನ್ ಮುಂದೆ ತಮ್ಮ ಪುಸ್ತಕಗಳನ್ನು ಹಿಂದಿರುಗಿ ನೋಡುತ್ತ ಬರೆದಿದ್ದಾರೆ. ಅಂದಿನ ಫ್ರಾನ್ಸ್ ನಾವು ಅಂದುಕೊಳ್ಳುವ ಫ್ರಾನ್ಸ್ ಅಲ್ಲ. ಅಲ್ಲಿನ ಹೆಂಗಸರು ಮೊದಲ ಸಲ ಮತ ಹಾಕಿದ್ದು 1945ರಲ್ಲಿ. ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ಕೆಲಸಕ್ಕೆ ಸೇರಲು, ಬ್ಯಾಂಕಿನಲ್ಲಿ ಖಾತೆ ತೆರೆಯಲು ಕಾನೂನು ಬಿಟ್ಟದ್ದು 1965ರಲ್ಲಿ. ಗರ್ಭನಿರೋಧಕ ಮಾತ್ರೆಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ಸಗಾನ್ ಪುಸ್ತಕ ಬಂದ 1954ರಲ್ಲೇ ಹಿರಿಯ ಲೇಖಕಿ ಕೊಲೆತ್ ತೀರಿಕೊಂಡರು. ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಯಿತು, ಆದರೆ ಅವರು ಬಾಳಿದ ರೀತಿ ಒಪ್ಪದ ಚರ್ಚು ಧಾರ್ಮಿಕ ವಿಧಿ ನಡೆಸಲು ನಿರಾಕರಿಸಿತು. ಇಂಥ ಊರಿನಲ್ಲಿ ಹದಿನೆಂಟರ ಹುಡುಗಿ ಪಶ್ಚಾತ್ತಾಪದ ಸೊಲ್ಲಿಲ್ಲದೆ ಸುಖದ ಮಾತು ಬರೆದರೆ ಗುಲ್ಲೇಳದೆ ಇರುತ್ತದೆಯೇ?

ಗುಲ್ಲಿನಲ್ಲಿ ಪ್ರಕಾಶಕರ ಪಾಲೂ ಇತ್ತು. ಇದನ್ನು ನೀವು ಮುಖ್ಯವಾಗಿ ಗಮನಿಸಬೇಕು. ರೇಮೋಂ ರಾದಿಗೆ ಎಂಬ ಹುಡುಗ 1923ರಲ್ಲಿ ‘ಮೈಯೊಳಗಿನ ಸೈತಾನ’ ಎಂಬರ್ಥದ ಕಾದಂಬರಿ ಬರೆದು ಊರೆಲ್ಲ ಮಾತಾಗಿ, ಅದೇ ವರ್ಷ ಇಪ್ಪತ್ತಕ್ಕೆ ಟೈಫಾಯಿಡ್‌ನಿಂದ ತೀರಿಕೊಂಡಿದ್ದರು. ಜೂಲಿಯಾರ್ ಆ ನೆನಪನ್ನು ಕೆದಕುವಂತೆ ‘ಎದೆಯೊಳಗಿನ ಸೈತಾನ’ ಎಂದು ಅಚ್ಚು ಮಾಡಿದ ಕಾಗದದ ಪಟ್ಟಿಯನ್ನು, ಹುಡುಗಿಯ ಫೋಟೊ ಸಹಿತ, ಪುಸ್ತಕಕ್ಕೆ ಸುತ್ತಿ ಅಂಗಡಿಗೆ ಕಳಿಸಿದರು. ಪುಸ್ತಕ ತೆರೆಯುವ ಮುಂಚೆಯೇ ಓದುಗರಿಗೆ ಅದು ಹೇಗೆ ಕಾಣಬೇಕು ಎಂದು ಹೇಳಿಕೊಟ್ಟಂತಾಯಿತು. ಮೇ ತಿಂಗಳಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಆ ಸಮಿತಿಯಲ್ಲಿದ್ದವರು ಮೋರಿಸ್ ಬ್ಲಾಂಶೋ, ಜಾರ್ಜ್ ಬತಾಯ್ ಅಂಥ ಘಟಾನುಘಟಿ ಲೇಖಕರು. ಜೂನ್ 1ರಂದು, ನೊಬೆಲ್ ಪಡೆದ ಹಿರಿಯ ಕಾದಂಬರಿಕಾರ ಫ್ರಾನ್ಸ್ವಾ ಮೋರಿಯಾಕ್ ‘ಲ ಫಿಗಾರೋ’ ಪತ್ರಿಕೆಯ ಮುಖಪುಟದಲ್ಲಿ ಈಕೆಯನ್ನು ಹದಿನೆಂಟು ವರ್ಷದ ಮುದ್ದು ರಾಕ್ಷಸಿ ಎಂದು ಕರೆದರು. ಊರಿಗೆ ಊರೇ ನೆನಪಿಟ್ಟುಕೊಂಡದ್ದು ಈ ಒಂದು ಮಾತನ್ನು. ಅದೇ ಲೇಖನದಲ್ಲಿ, ಈ ಬರವಣಿಗೆಯ ಕಸುವು ಮೊದಲ ಪುಟದಲ್ಲೇ ಎದ್ದು ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ ಎಂದೂ ಅವರು ಹೇಳಿದ್ದರು. ಅದು ಯಾರಿಗೂ ಬೇಕಾಗಲಿಲ್ಲ.

ಇನ್ನು ಮನೆ ಕಥೆ ಎಂಬ ಹೆದರಿಕೆ. ಸಗಾನ್ ಅವರ ತಾಯಿ ಬದುಕಿದ್ದರು, ತಂದೆತಾಯಿಯ ಸಂಸಾರ ಕೊನೆಯವರೆಗೂ ಗಟ್ಟಿಯಾಗಿತ್ತು. ಆದರೂ ಓದಿದವರು ಸೆಸಿಲ್ ಎಂದರೆ ಸಗಾನ್ ಎಂದೇ ಹಿಡಿದುಕೊಂಡರು. ‘ನಾನು’ ಎಂದು ಕಥೆ ಹೇಳುವ ಕಿರಿಯ ಲೇಖಕಿಗೆ ಇದು ತಪ್ಪಿದ್ದಲ್ಲ. ನಾನು ಓದುವ ಹಸ್ತಪ್ರತಿಗಳಲ್ಲಿ ಹುಡುಗ ಬರೆದದ್ದನ್ನು ಕಲ್ಪನೆ ಎಂದೂ ಹುಡುಗಿ ಬರೆದದ್ದನ್ನು ಅನುಭವ ಎಂದೂ ಓದುವ ಅಭ್ಯಾಸ ಸಂಪಾದಕರಲ್ಲೂ ಇದೆ. ಹಾಗಾಗಿ ನಿಮ್ಮ ಯಜಮಾನರ ಹೆದರಿಕೆ ಹುಸಿಯಲ್ಲ. ಜನ ಹಾಗೆ ಓದುತ್ತಾರೆ, ಕೆಲವರು ಬಾಯಿಬಿಟ್ಟು ಕೇಳುತ್ತಾರೆ. ಪುಸ್ತಕವನ್ನು ಎಷ್ಟು ತಿದ್ದಿದರೂ ಅದು ಪೂರ್ತಿ ನಿಲ್ಲುವುದಿಲ್ಲ.

ಈಗ ಭಾವನವರ ಪಟ್ಟಿಗೆ ಬರೋಣ. ಸಗಾನ್ ಮಾದಕ ವಸ್ತುವಿಗೆ ಸಿಕ್ಕಿದ್ದು ಹೇಗೆ ಎಂಬುದಕ್ಕೆ ಸ್ಪಷ್ಟ ದಾಖಲೆಯಿದೆ, ಅವರೇ ಬರೆದಿಟ್ಟಿದ್ದಾರೆ. 1957ರ ಏಪ್ರಿಲಿನಲ್ಲಿ ಪ್ಯಾರಿಸಿನ ದಕ್ಷಿಣಕ್ಕೆ, ಮೀಯೀ-ಲಾ-ಫೋರೆ ಬಳಿ, ಅವರು ಓಡಿಸುತ್ತಿದ್ದ ಆಸ್ಟನ್ ಮಾರ್ಟಿನ್ ಕಾರು ಮಗುಚಿಬಿತ್ತು. ತಲೆಬುರುಡೆಗೆ ಪೆಟ್ಟು ಬಿದ್ದು, ಬದುಕುವುದಿಲ್ಲ ಎಂದು ಪಾದ್ರಿಯನ್ನು ಕರೆಸಿ ಕೊನೆಯ ವಿಧಿಯನ್ನೂ ಮಾಡಿಸಿದ್ದರು. ಬದುಕಿದರು. ನೋವು ತಡೆಯಲು ಮಾರ್ಫಿನ್ ಜಾತಿಯ ಪಾಲ್ಫಿಯಂ ಎಂಬ ಔಷಧಿಯನ್ನು ವೈದ್ಯರು ಮೂರು ತಿಂಗಳು ದಿನವೂ ಕೊಟ್ಟರು. ಮೂರು ತಿಂಗಳಲ್ಲಿ ಅದಿಲ್ಲದೆ ಆಗುವುದಿಲ್ಲ ಎನ್ನುವ ಸ್ಥಿತಿಗೆ ಬಂದು, ಚಟ ಬಿಡಿಸುವ ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ಬರೆದ ದಿನಚರಿ ‘ತೋಕ್ಸೀಕ್’ 1964ರಲ್ಲಿ ಕಲಾವಿದ ಬೆರ್ನಾರ್ ಬುಫೆ ಅವರ ಚಿತ್ರಗಳೊಂದಿಗೆ ಅಚ್ಚಾಯಿತು. ಮುಂದಿನ ದಶಕಗಳ ಕುಡಿತ, ಕೊಕೇನ್, 1990ರ ದಶಕದ ಕೋರ್ಟು ಶಿಕ್ಷೆಗಳು, ಇವನ್ನು ನಾನು ಮುಚ್ಚಿಡುವುದಿಲ್ಲ. ಅವು ಅವರ ಆಯ್ಕೆಗಳು ಕೂಡ ಹೌದು. ಆದರೆ ಮೊದಲ ಕೊಂಡಿ ಹಾಸಿಗೆಯ ಮೇಲೆ ಸೂಜಿಯ ಮೂಲಕ ಬಿತ್ತು. ಇಂದಿನ ಯಾವ ವೈದ್ಯರೂ ಅದನ್ನು ಕಾದಂಬರಿಯ ಫಲ ಎನ್ನುವುದಿಲ್ಲ.

ಆದರೂ ಆ ವಯಸ್ಸಿಗೆ ಅಂಥ ಕಾರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕೇಳಬೇಕು. ಅಲ್ಲಿ ಪುಸ್ತಕಕ್ಕೆ ಸಂಬಂಧವಿದೆ. ಪ್ರತಿಗಳು ಲಕ್ಷಗಳ ಲೆಕ್ಕದಲ್ಲಿ ಮಾರಾಟವಾದವು. 1955ರಲ್ಲಿ ಇಂಗ್ಲಿಷ್ ಅನುವಾದ ಬಂದು ಅಮೆರಿಕದಲ್ಲೂ ಮಾರಾಟದ ಪಟ್ಟಿಯ ತುದಿಗೇರಿತು. 1958ರಲ್ಲಿ ಓಟ್ಟೊ ಪ್ರೆಮಿಂಜರ್ ಸಿನಿಮಾ ಮಾಡಿದರು. ಹತ್ತೊಂಬತ್ತು ತುಂಬುವ ಹೊತ್ತಿಗೆ ಕೈಗೆ ಬಂದ ಹಣ ನೋಡಿ ಏನು ಮಾಡಲಿ ಎಂದು ಅಪ್ಪನನ್ನು ಕೇಳಿದರೆ, ನಿನ್ನ ವಯಸ್ಸಿಗೆ ದುಡ್ಡು ಅಪಾಯ, ಖರ್ಚು ಮಾಡಿಬಿಡು ಎಂದರಂತೆ ಅವರು. ಮಗಳು ಆ ಮಾತನ್ನು ಜೀವನವಿಡೀ ಪಾಲಿಸಿದರು. ಕಂಡವರಿಗೆಲ್ಲ ಕೊಟ್ಟರು, ಜೂಜಿನಲ್ಲಿ ಕಳೆದರು, ಒಮ್ಮೆ ದೋವಿಲ್ಲಿನ ಕಸಿನೊದಲ್ಲಿ ಎಂಟರ ಮೇಲೆ ಪಣ ಕಟ್ಟಿ ಗೆದ್ದ ದುಡ್ಡಿನಲ್ಲಿ ನಾರ್ಮಂಡಿಯಲ್ಲಿ ಒಂದು ದೊಡ್ಡ ಮನೆಯನ್ನೇ ಕೊಂಡರು. ತೆರಿಗೆಯ ಲೆಕ್ಕ ನೋಡಿಕೊಳ್ಳುವ ಶಿಸ್ತನ್ನು ಮೊದಲ ಹಣ ಬಂದಾಗ ಯಾರೂ ಕಲಿಸಲಿಲ್ಲ. ನನ್ನ ತೀರ್ಮಾನದಲ್ಲಿ ಸಗಾನ್ ಅವರನ್ನು ಬಡವಾಗಿಸಿದ್ದು ಇದು. 2002ರಲ್ಲಿ ತೆರಿಗೆ ವಂಚನೆಗೆ ಒಂದು ವರ್ಷದ ಜೈಲು ಶಿಕ್ಷೆಯಾಯಿತು, ಆದರೆ ಅದನ್ನು ಅಮಾನತಿನಲ್ಲಿಟ್ಟರು. 2004ರ ಸೆಪ್ಟೆಂಬರ್ 24ರಂದು, ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಓಂಫ್ಲರ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ತೀರಿಕೊಂಡಾಗ ಸುಮಾರು ಹತ್ತು ಲಕ್ಷ ಯೂರೋ ಸಾಲವಿತ್ತು. ಮಗ ಡೆನಿ ವೆಸ್ಟಾಫ್ ಆಸ್ತಿಯ ಜೊತೆ ಆ ಸಾಲವನ್ನೂ ಹೊತ್ತುಕೊಂಡರು, ಅಂಗಡಿಯಲ್ಲಿ ಸಿಗದಂತಾಗಿದ್ದ ಅಮ್ಮನ ಪುಸ್ತಕಗಳನ್ನು ಮತ್ತೆ ಅಚ್ಚು ಹಾಕಿಸಿದರು, 2010ರಲ್ಲಿ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ಆರಂಭಿಸಿದರು. ಹುಟ್ಟೂರಿನ ಪಕ್ಕದಲ್ಲೇ, ತಮ್ಮವರ ಸಮಾಧಿಗಳ ನಡುವೆ ಅವರನ್ನು ಮಣ್ಣು ಮಾಡಿದ್ದಾರೆ. ದಿಕ್ಕಿಲ್ಲದ ಸಾವು ಎಂಬುದು ಸುಳ್ಳು.

ಪಟ್ಟಿಯಲ್ಲಿ ಬಾರದ ಸಂಗತಿಗಳೂ ಇವೆ, ಅವು ಮೊಬೈಲಿನ ಮೊದಲ ಪುಟದಲ್ಲಿ ಸಿಗುವುದಿಲ್ಲ. ಆಕೆ ಸುಮಾರು ಇಪ್ಪತ್ತು ಕಾದಂಬರಿ ಬರೆದರು, ನಾಟಕಗಳನ್ನು ಬರೆದರು. 1959ರ ‘ಎಮೆ ವು ಬ್ರಾಮ್ಸ್’ ಮೂವತ್ತೊಂಬತ್ತರ ಹೆಂಗಸಿನ ಒಂಟಿತನದ ಕಥೆ. ಬರೆಯುವಾಗ ಲೇಖಕಿಗೆ ಇನ್ನೂ ಇಪ್ಪತ್ತನಾಲ್ಕು. ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟವನ್ನು ಫ್ರೆಂಚ್ ಸೇನೆ ಹತ್ತಿಕ್ಕುತ್ತಿದ್ದಾಗ, ಚಿತ್ರಹಿಂಸೆಗೆ ಗುರಿಯಾದ ಜಮೀಲಾ ಬೂಪಾಶಾ ಎಂಬ ಯುವತಿಯ ಪರವಾಗಿ 1960ರಲ್ಲಿ ಲೇಖನ ಬರೆದರು. ಅದೇ ವರ್ಷ 121 ಬುದ್ಧಿಜೀವಿಗಳ ಯುದ್ಧವಿರೋಧಿ ಹೇಳಿಕೆಗೆ ಸಹಿ ಹಾಕಿದರು. ಮರುವರ್ಷ ಬಲಪಂಥೀಯ ಉಗ್ರರು ಅವರ ತಂದೆತಾಯಿಯ ಮನೆಗೆ ಬಾಂಬಿಟ್ಟರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. 1971ರಲ್ಲಿ, ಗರ್ಭಪಾತ ಅಪರಾಧವಾಗಿದ್ದಾಗ, ಅದನ್ನು ತಾವು ಮಾಡಿಸಿಕೊಂಡಿದ್ದೇವೆ ಎಂದು ಬಹಿರಂಗವಾಗಿ ಹೇಳಿದ 343 ಮಹಿಳೆಯರಲ್ಲಿ ಅವರೂ ಒಬ್ಬರು. ಮೋಜುಗಾರ್ತಿ ಎಂದು ಹೆಸರಾದವರು ಇಷ್ಟು ಬೆಲೆ ತೆರಲು ಸಿದ್ಧರಿದ್ದರು.

ಗುಲ್ಲಿನಿಂದ ನಷ್ಟವೇ ಆಗಲಿಲ್ಲ ಎಂದು ನಾನು ಹೇಳುತ್ತಿಲ್ಲ. ಒಂದು ದೊಡ್ಡ ನಷ್ಟವಾಯಿತು, ಅದು ಭಾವನವರು ಹೇಳಿದ್ದಲ್ಲ. ಹದಿನೆಂಟಕ್ಕೆ ಅಂಟಿದ ಚಿತ್ರದಿಂದ ಆಕೆ ಕೊನೆಯವರೆಗೂ ಬಿಡಿಸಿಕೊಳ್ಳಲಾಗಲಿಲ್ಲ. ಕಾರು, ವಿಸ್ಕಿ, ಕಸಿನೊ, ಇವುಗಳ ಸುದ್ದಿ ಪುಸ್ತಕಗಳಿಗಿಂತ ಹೆಚ್ಚು ಓದಿಸಿಕೊಂಡಿತು. ಪ್ರತಿ ಹೊಸ ಕಾದಂಬರಿಯನ್ನೂ ವಿಮರ್ಶಕರು ಮೊದಲನೆಯದರ ಪಕ್ಕ ಇಟ್ಟು ತೂಗಿದರು. ಆಕೆಯೂ ಎಷ್ಟೋ ಸಲ ಆ ಚಿತ್ರಕ್ಕೆ ತಕ್ಕಂತೆ ಬದುಕಿದರು ಎಂದು ನನಗೆ ಅನಿಸುತ್ತದೆ. ಹೊರಗಿನವರು ಹಾಕಿಕೊಟ್ಟ ಅಂಗಿ ಹದಿನೆಂಟಕ್ಕೆ ಸರಿಹೊಂದಿದರೆ ಐವತ್ತಕ್ಕೆ ಉಸಿರು ಕಟ್ಟಿಸುತ್ತದೆ. ನಿಮ್ಮ ಮಗಳ ವಿಷಯದಲ್ಲಿ ನಾನು ಹೆದರುವುದು ಇದೊಂದಕ್ಕೇ. ‘ನಮಗೊಬ್ಬ ಸಗಾನ್ ಸಿಕ್ಕಳು’ ಎಂಬ ಪ್ರಕಾಶಕರ ಮಾತು ನನಗೆ ಸರಿ ಕಾಣಲಿಲ್ಲ. ಅದು ನಾಳೆ ಬೆನ್ನುಪುಟದ ಮೇಲೆ ಅಚ್ಚಾಗಿ ಬರಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ತಡೆಯುವುದು ಒಂದು. ನಮ್ಮ ಕಾನೂನಿನಲ್ಲಿ ಹದಿನೆಂಟು ತುಂಬಿದವರು ಕರಾರಿಗೆ ತಾವೇ ಸಹಿ ಹಾಕಬಹುದು. ಸಗಾನ್ ಮನೆಯವರಿಗಿದ್ದ ಅಧಿಕಾರ ನಿಮಗಿಲ್ಲ. ಮನೆಯ ಒತ್ತಡದಿಂದ ತಡೆದರೆ ತಡೆದೀರಿ. ಹಾಗೆ ಹಸ್ತಪ್ರತಿ ವಾಪಸು ತೆಗೆದುಕೊಂಡ ಹುಡುಗಿಯರಲ್ಲಿ ಮತ್ತೆ ಬರೆದವರನ್ನು ನಾನು ಕಂಡದ್ದು ಕಡಿಮೆ. ಬರೆದವರೂ ಮನೆಯವರಿಗೆ ತೋರಿಸಲಿಲ್ಲ.

ಕಾವ್ಯನಾಮ ಇನ್ನೊಂದು ದಾರಿ, ನಿಮ್ಮ ಯಜಮಾನರಿಗೆ ಬಹುಶಃ ಇದೇ ಹಿಡಿಸೀತು. ಕಾವ್ಯನಾಮದಲ್ಲಿ ಬಂದ ಕೃತಿಗೂ ಹಕ್ಕುಸ್ವಾಮ್ಯದ ರಕ್ಷಣೆ ಇದೆ. ಕರಾರು ನಿಜ ಹೆಸರಿನಲ್ಲೇ ಆಗಬೇಕು, ಆ ಹೆಸರನ್ನು ಪ್ರಕಾಶಕರು ಹೊರಗೆಡಹಬಾರದು ಎಂದು ಅದರಲ್ಲೇ ಬರೆಸಿಕೊಳ್ಳಬೇಕು. ಇದರ ಮಿತಿಯನ್ನೂ ತಿಳಿದಿರಿ. ಸಗಾನ್ ಯಾರ ಮಗಳು ಎಂದು ಪ್ಯಾರಿಸಿಗೆ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಧಾರವಾಡದಂಥ ಊರಿನಲ್ಲಿ, ಬರೆಯುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವ ಕಡೆ, ಗುಟ್ಟು ಒಂದು ಬಿಡುಗಡೆ ಸಮಾರಂಭದವರೆಗೂ ನಿಲ್ಲಲಿಕ್ಕಿಲ್ಲ. ಸಿಕ್ಕಿಬಿದ್ದಾಗ ‘ಮುಚ್ಚಿಟ್ಟಿದ್ದರು ಎಂದರೆ ನಿಜವೇ ಇರಬೇಕು’ ಎಂಬ ಮಾತು ಬೇರೆ ಸೇರಿಕೊಳ್ಳುತ್ತದೆ. ಮಗಳಿಗೇ ಬೇರೆ ಹೆಸರು ಬೇಕೆನಿಸಿದರೆ ಇಟ್ಟುಕೊಳ್ಳಲಿ, ಅಡಗಿಕೊಳ್ಳುವ ಜಾಗ ಎಂದು ಮಾತ್ರ ನಂಬಬೇಡಿ.

ಕೆಲವು ಕಾಲ ಕಾಯುವುದು ಕೆಟ್ಟ ದಾರಿಯಲ್ಲ, ಷರತ್ತಿದೆ. ಇಂಥ ತಿಂಗಳವರೆಗೆ, ಇಂಥ ಅಧ್ಯಾಯಗಳನ್ನು ತಿದ್ದಲು ಎಂದು ಕಾದರೆ ಪುಸ್ತಕಕ್ಕೆ ಒಳ್ಳೆಯದು. ಹೊಸಬರ ಹಸ್ತಪ್ರತಿ ಎರಡು ಮೂರು ತಿಂಗಳು ಪೆಟ್ಟಿಗೆಯಲ್ಲಿದ್ದು ಹೊರಬಂದಾಗ ಬರೆದವರಿಗೇ ಅದರ ತಪ್ಪು ಕಾಣುತ್ತದೆ. ‘ಡಿಗ್ರಿ ಮುಗಿಯಲಿ, ಮದುವೆ ಆಗಲಿ, ಆಮೇಲೆ ನೋಡೋಣ’ ಎಂಬ ಕಾಯುವಿಕೆ ಬೇರೆ. ಅದು ಬೇಡ ಎನ್ನುವುದರ ಇನ್ನೊಂದು ಹೆಸರು, ಅವಳಿಗೂ ಅದು ಗೊತ್ತಾಗುತ್ತದೆ.

ಸ್ವಂತ ಹೆಸರಿನಲ್ಲಿ ಈಗಲೇ ಪ್ರಕಟಿಸುವುದು ಉಳಿದ ದಾರಿ. ಹಸ್ತಪ್ರತಿ ಗಟ್ಟಿಯಿದ್ದರೆ ನಾನು ಇದರ ಪರ. ಅಪಾಯಗಳನ್ನು ಹೇಳಿಬಿಡುತ್ತೇನೆ. ಫೇಸ್‌ಬುಕ್ಕಿನಲ್ಲಿ ಪುಸ್ತಕ ಮುಟ್ಟದವರು ಬೈಯುತ್ತಾರೆ, ಒಂದು ಪುಟದ ಫೋಟೊ ಹೊಡೆದು ಹಂಚುತ್ತಾರೆ. ಆ ವಾರಗಳಲ್ಲಿ ಅವಳ ಖಾತೆಯನ್ನು ಗೆಳತಿಯೊಬ್ಬಳು ನೋಡಿಕೊಳ್ಳುವುದು ಒಳ್ಳೆಯದು, ಪ್ರತಿಯೊಂದಕ್ಕೂ ಉತ್ತರಿಸಹೋಗಬಾರದು. ಮದುವೆಯ ಮಾತಿಗೆ ನಾನು ಸುಳ್ಳು ಸಮಾಧಾನ ಕೊಡಲಾರೆ. ಕೆಲವು ಸಂಬಂಧಗಳು ಈ ಪುಸ್ತಕದ ಕಾರಣಕ್ಕೇ ಬಾರದೆ ಹೋಗಬಹುದು. ಹತ್ತೊಂಬತ್ತರಲ್ಲಿ ಕಾದಂಬರಿ ಬರೆದ ಹುಡುಗಿ ಅಂಥ ಮನೆಯಲ್ಲಿ ಹೇಗೆ ಬಾಳಿಯಾಳು ಎಂಬುದನ್ನೂ ಯೋಚಿಸಿ. ಇನ್ನೊಂದು ಅಪಾಯ ಕಾನೂನಿನದು. ಕಥೆಯಲ್ಲಿ ‘ಅಪ್ಪನ ಇನ್ನೊಂದು ಸಂಬಂಧ’ ಇದೆ ಎಂದಿದ್ದೀರಿ. ಆ ಪಾತ್ರಗಳಲ್ಲಿ ನಿಮ್ಮ ಬಂಧುಬಳಗದ ಅಥವಾ ಓಣಿಯ ಯಾರಾದರೂ ಗುರುತು ಸಿಗುವಂತಿದ್ದರೆ ಮಾನನಷ್ಟದ ನೋಟೀಸು ಬರಬಹುದು. ಊರು, ಉದ್ಯೋಗ, ಮನೆಯ ವಿವರ, ಆಡುಮಾತಿನ ವಿಶೇಷ ಇವನ್ನು ಬದಲಿಸಿದರೆ ಕಥೆ ಕೆಡುವುದಿಲ್ಲ. ಇದನ್ನು ಅವಳೇ ಕೂತು ಮಾಡಲಿ, ಮನೆಯವರು ಕತ್ತರಿ ಹಿಡಿದು ಕೂರುವುದು ಬೇಡ.

ಕರಾರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಹೊಸಬರು ಮೋಸಹೋಗುವುದು ಇಲ್ಲೇ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ವಿಧಿ ಲೇಖಕರ ಪರವಾಗಿದೆ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಲೇಬೇಕು. ರಾಯಲ್ಟಿ ಎಷ್ಟು, ಎಷ್ಟು ವರ್ಷ, ಯಾವ ಪ್ರದೇಶ ಎಂಬುದು ಅದರಲ್ಲಿರಬೇಕು. ವರ್ಷ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಕಾನೂನು ತಾನೇ ಹಿಡಿದುಕೊಳ್ಳುತ್ತದೆ. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ’ ಎಂಬ ಸಾಲು ಕಂಡರೆ ಸಹಿ ಬೇಡ. ಅನುವಾದ, ಸಿನಿಮಾ, ಆಡಿಯೊ ಹಕ್ಕುಗಳು ಅವಳ ಬಳಿಯೇ ಇರಲಿ. ಮುಖಪುಟ, ಬೆನ್ನುಪುಟದ ಬರಹ, ಅವಳ ಫೋಟೊ, ಜಾಹೀರಾತಿನ ಸಾಲು, ಇವು ಅವಳ ಒಪ್ಪಿಗೆಯಿಲ್ಲದೆ ಅಚ್ಚಾಗಬಾರದು ಎಂಬುದನ್ನು ಬರೆಸಿ. ಜೂಲಿಯಾರ್ ಸುತ್ತಿದ ಆ ಪಟ್ಟಿಯ ಬಗ್ಗೆ ಮೇಲೆ ಅಷ್ಟು ಹೇಳಿದ್ದು ಇದಕ್ಕಾಗಿಯೇ. ದುಡ್ಡು ಬಂದರೆ, ಕನ್ನಡದ ಮೊದಲ ಪುಸ್ತಕಕ್ಕೆ ಅದು ಬಹಳವೇನೂ ಇರುವುದಿಲ್ಲ, ಅವಳ ಖಾತೆಗೇ ಬರಲಿ, ಲೆಕ್ಕ ಅವಳೇ ಬರೆದಿಡಲಿ, ತೆರಿಗೆ ವಿವರವನ್ನು ಲೆಕ್ಕಪರಿಶೋಧಕರ ಹತ್ತಿರ ಅವಳೇ ಕೂತು ತುಂಬಿಸಲಿ.

ಇದೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ನೀವು ಕಾದಂಬರಿ ಓದಿಲ್ಲ. ಓದದೆ ನೀವೂ ಭಾವನವರೂ ಯಜಮಾನರೂ ಚರ್ಚೆ ಮಾಡುತ್ತಿದ್ದೀರಿ, ಬರೆದವಳು ಕೋಣೆಯಲ್ಲಿದ್ದಾಳೆ. ಕೇಳಿ ತೆಗೆದುಕೊಳ್ಳಿ. ತಪ್ಪು ಹುಡುಕಲು ಎಂದು ಅನಿಸದ ಹಾಗೆ ಕೇಳಿ. ಓದಿದ ಮೇಲೆ ‘ಇದು ನಿನಗೆ ಆದದ್ದಾ?’ ಎಂದು ಮೊದಲ ಪ್ರಶ್ನೆ ಬೇಡ, ಯಾವ ಭಾಗ ಹಿಡಿಸಿತು ಎಂಬುದರಿಂದ ಶುರುಮಾಡಿ. ಪ್ರಕಾಶಕರು ಒಪ್ಪಿದರು ಎಂದು ಸಗಾನ್ ಮನೆಗೆ ಬಂದು ಹೇಳಿದಾಗ ಅಮ್ಮ, ಅದಿರಲಿ, ಊಟದ ಹೊತ್ತಿಗೆ ಸರಿಯಾಗಿ ಬಂದು ತಲೆ ಬಾಚಿಕೊಂಡರೆ ಸಾಕು ಎಂದರಂತೆ. ಸಗಾನ್ ಮುಂದೆ ಇದನ್ನು ನಗುತ್ತ ಹೇಳಿಕೊಂಡಿದ್ದಾರೆ. ಅದರಲ್ಲಿ ಪ್ರೀತಿಯಿತ್ತು, ಮನೆಯಲ್ಲಿ ಮಗಳು ಮಗಳಾಗಿಯೇ ಇದ್ದಳು, ನಿಜ. ಆದರೆ ಆ ಮನೆಯಲ್ಲಿ ಯಾರೂ ಕೂತು ಕರಾರು, ದುಡ್ಡು, ಪತ್ರಿಕೆಯವರು ಎಂದು ಅವಳ ಜೊತೆ ಮಾತಾಡಿದ ಹಾಗೆ ಕಾಣುವುದಿಲ್ಲ. ನೀವು ಅದನ್ನು ಮಾಡಬಹುದು.

ಭಾವನವರನ್ನು ಬಿಟ್ಟು ನಿರ್ಧಾರ ಮಾಡಬೇಡಿ, ಸಿಟ್ಟಿನ ಹಿಂದೆ ಮಗುವಿನ ಮೇಲಿ‌ನ ಕಾಳಜಿಯೇ ಇದೆ. ‘ಬೊಂಜೂರ್ ತ್ರಿಸ್ತೆಸ್’ ಸಣ್ಣ ಪುಸ್ತಕ, ಒಂದು ಭಾನುವಾರದಲ್ಲಿ ಓದಿ ಮುಗಿಸಬಹುದು. ಇಂಗ್ಲಿಷಿನಲ್ಲಿ ತರಿಸುವುದಾದರೆ 2013ರ ಹೆದರ್ ಲಾಯ್ಡ್ ಅವರ ಅನುವಾದ ತರಿಸಿ ಅವರಿಗೆ ಕೊಡಿ. 1955ರ ಹಳೆಯ ಅನುವಾದದಲ್ಲಿ ಆ ಕಾಲದವರು ಮುಜುಗರಪಟ್ಟು ಕೆಲವು ಭಾಗ ಬಿಟ್ಟಿದ್ದಾರೆ, ಹೊಸದರಲ್ಲಿ ಪೂರ್ತಿ ಇದೆ.